ಅಮ್ಮನ ಗಂಟುನೋವಿಗೆ ತಿನ್ಲಿಕ್ಕೆ ಎಂತ ಕೊಡುದು? ಬೇಡ ಹೇಳುವವರೇ ಜಾಸ್ತಿ ಆಗಿದ್ದಾರೆ

ಪೆರ್ಲದ_ತೋಟದವ

ನಮಸ್ಕಾರ. ನಮ್ಮದು ಪೆರ್ಲದಿಂದ ಸ್ವಲ್ಪ ಒಳಗೆ, ಅಡಿಕೆ ತೋಟ, ಮನೆಯಲ್ಲಿ ಅಪ್ಪ ಅಮ್ಮ ನಾನು. ಅಮ್ಮನಿಗೆ ಅರುವತ್ತು ದಾಟಿತು. ಮೊಣಗಂಟು ನೋವು ಮೊದಲಿಂದ್ಲೇ ಉಂಟು, ಮೆಟ್ಟುಕತ್ತಿ ಎದುರು ಕೂತು ಅಡಿಕೆ ಸುಲಿದು ಸುಲಿದು ಬಂದದ್ದು ಅಂತ ನಾವು ಲೆಕ್ಕ ಹಾಕಿದ್ದು, ಅದು ಹೊಸತಲ್ಲ. ಆದ್ರೆ ಈ ಸಲ ಮಳೆ ಹಿಡಿದ ಮೇಲೆ ಕೈಬೆರಳಿನ ಗಂಟು ಸಾ ನೋವು, ಎರಡೂ ಕೈಯಲ್ಲಿ. ಬೆಳಿಗ್ಗೆ ಎದ್ದು ಚಾಯದ ಲೋಟ ಹಿಡಿಲಿಕ್ಕೆ ಆಗುದಿಲ್ಲ ಹೇಳ್ತಾರೆ, ಒಂಬತ್ತು ಗಂಟೆ ಕಳೆದ್ರೆ ಸ್ವಲ್ಪ ಸಡಿಲ ಆಗ್ತದಂತೆ.

ಈಗ ಸಮಸ್ಯೆ ಎಂತ ಹೇಳಿದ್ರೆ ನೋವಿಗಿಂತ ಪಥ್ಯ ದೊಡ್ಡದಾಗಿದೆ. ಮನೆಗೆ ಬಂದವರೆಲ್ಲ ಒಂದೊಂದು ವಸ್ತು ಬೇಡ ಹೇಳಿ ಹೋಗುದು. ದೊಡ್ಡಮ್ಮ ಬಂದು ಹುಳಿ ಆಗ ಅಂದ್ರು, ಮೊಸರು ಮಜ್ಜಿಗೆ ಪುನರ್ಪುಳಿ ಟೊಮೆಟೊ ಎಲ್ಲ ಹೋಯ್ತು. ಇನ್ನೊಬ್ರು ವಾಯು ಪದಾರ್ಥ ಮುಟ್ಟಬೇಡಿ ಅಂದ್ರು, ಗೆಡ್ಡೆ ಗೆಣಸು ಅಲಸಂಡೆ ಬದನೆ ಹೋಯ್ತು, ಹಲಸಿನ ಹಣ್ಣು ಮರದಲ್ಲೇ ಕೊಳೆತು ಬಿತ್ತು. ಆಮೇಲೆ ಯಾರೋ ಯೂರಿಕ್ ಆಸಿಡ್ ಅಂತ ಒಂದು ಹೆಸರು ಹೇಳಿದ್ರು, ಅಂದಿನಿಂದ ಬೇಳೆ ಸಾ ಇಲ್ಲ. ವಾಟ್ಸಾಪಲ್ಲಿ ಹಾಲು ಕುಡಿದ್ರೆ ಗಂಟು ಊದ್ತದೆ ಅಂತ ಒಂದು ಫಾರ್ವರ್ಡ್ ಬಂದದ್ದು ನೋಡಿ ಹಾಲು ಸಾ ಬಿಟ್ರು. ಮೊಟ್ಟೆ ಮೀನು ನಮ್ಮಲ್ಲಿ ಮೊದಲೇ ಇಲ್ಲ. ಈಗ ಮೂರು ಹೊತ್ತು ಕುಚ್ಚಿಲಕ್ಕಿ ಗಂಜಿ, ಉಪ್ಪು, ಒಂದು ಚಮಚ ತುಪ್ಪ, ಹೆಚ್ಚಂದ್ರೆ ಸೌತೆಕಾಯಿ ಪಲ್ಯ. ರವಕೆ ಎಲ್ಲ ದೊಗಳೆ ಆಗ್ಲಿಕ್ಕೆ ಸುರುವಾಗಿದೆ, ನೋವು ಇದ್ದಲ್ಲೇ ಉಂಟು. ಮಧ್ಯೆ ಮಧ್ಯೆ ಮೆಡಿಕಲ್‌ನಿಂದ ನೋವಿನ ಮಾತ್ರೆ ತರಿಸಿ ತಿನ್ತಾರೆ.

ನಾನು ಕೇಳುದು ಇಷ್ಟೆ, ಗಂಟುನೋವಿಗೆ ನಿಜವಾಗಿ ಸಹಾಯ ಮಾಡುವ ಆಹಾರ ಉಂಟಾ ಇಲ್ವಾ? ಮೆಂತೆ, ಅರಸಿನ ಹಾಲು, ನುಗ್ಗೆಸೊಪ್ಪು, ಎಳ್ಳು, ಶುಂಠಿ, ಇದ್ರಲ್ಲಿ ಯಾವುದು ಸರಿ ಯಾವುದು ಸುಮ್ಮನೆ? ಗೊತ್ತಿದ್ದವರು ಹೇಳಿ. ಇನ್ನು ಬೇಡದ ವಸ್ತುವಿನ ಪಟ್ಟಿ ಮಾತ್ರ ಕೊಡಬೇಡಿ ದಮ್ಮಯ್ಯ.

ಕುಂಬ್ಳೆ_ಲೋಕಲ್

ಹಲಸಿನ ಹಣ್ಣು ಬೇಡ ಹೇಳಿದವರ ಅಡ್ರೆಸ್ ಕೊಡಿ ಮಾರಾಯ್ರೆ, ಮಾತಾಡ್ಲಿಕ್ಕುಂಟು.

ತಮಾಷೆ ಬಿಡಿ, ಇಂಟರ್ನೆಟ್ಟಲ್ಲಿ ಎಲ್ಲ ಕಡೆ ಚೆರಿ ತಿನ್ನಿ ಚೆರಿ ತಿನ್ನಿ ಅಂತ ಬರ್ತದಲ್ಲ ಗಂಟುನೋವಿಗೆ, ನಮ್ಮ ಬೇಕರಿಯಲ್ಲಿ ಸಿಗುವ ಕೆಂಪು ಚೆರಿ ಆಗ್ತದಾ?

ಮುಳ್ಳೇರಿಯ_ಮಾಷ್ಟ್ರು

ಬೇಕರಿಯದ್ದು ಹೆಚ್ಚಿನದ್ದು ಚೆರಿಯೇ ಅಲ್ಲ, ನಮ್ಮ ಗುಡ್ಡೆಯ ಕರಂಡೆ ಕಾಯಿಯನ್ನು ಸಕ್ಕರೆ ಪಾಕದಲ್ಲಿ ಹಾಕಿ ಬಣ್ಣ ಕೊಟ್ಟದ್ದು. ಅದನ್ನು ತಿಂದ್ರೆ ಗಂಟಿಗೆ ಏನೂ ಇಲ್ಲ, ಸಕ್ಕರೆ ಮಾತ್ರ ಹೊಟ್ಟೆಗೆ.

ಪೆರ್ಲದವರೇ, ನಿಮ್ಮ ಅಮ್ಮನಿಗೆ ಮೆಂತೆ ಕೊಡಿ ಅಂತ ನಾನು ಧೈರ್ಯದಲ್ಲಿ ಹೇಳ್ತೇನೆ. ಆಟಿ ತಿಂಗಳಲ್ಲಿ ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ ಇದೆಲ್ಲ. ಆಟಿ ಅಮಾವಾಸ್ಯೆಗೆ ಬೆಳಗಾಗುವ ಮೊದಲು ಪಾಲೆ ಮರದ ಕೆತ್ತೆ, ಅಂದ್ರೆ ತೊಗಟೆ, ಕಲ್ಲಲ್ಲೇ ಜಜ್ಜಿ ತೆಗೆದು, ಒಳ್ಳೆಮೆಣಸು ಬೆಳ್ಳುಳ್ಳಿ ಅರೆದು ಕಷಾಯ, ಅದು ಕಹಿ ಅಂದ್ರೆ ಸಾಮಾನ್ಯ ಕಹಿಯಲ್ಲ, ಮತ್ತೆ ಹೊಟ್ಟೆ ತಂಪಾಗ್ಲಿಕ್ಕೆ ಮೆಂತೆ ಗಂಜಿ. ಕೆತ್ತೆ ತೆಗೆಯುವವನಿಗೆ ಮರದ ಗುರ್ತ ಬೇಕು, ಕತ್ತಲೆಯಲ್ಲಿ ಹೋಗಿ ಪಾಲೆ ಅಂತ ಕಾಸರಕದ ಕೆತ್ತೆ ತಂದ್ರೆ ಅದು ವಿಷ, ಹಾಗಾಗಿ ಪರಿಚಯ ಇಲ್ಲದವರು ಆ ಸಾಹಸಕ್ಕೆ ಹೋಗುದೇ ಬೇಡ. ಮೆಂತೆ ಗಂಜಿಗೆ ಅಂಥ ಅಪಾಯ ಇಲ್ಲ. ಬೆಳ್ತಿಗೆ ಅಕ್ಕಿ ಒಂದು ಕುಡ್ತೆಗೆ ಒಂದು ದೊಡ್ಡ ಚಮಚ ಮೆಂತೆ, ಹಿಂದಿನ ರಾತ್ರಿಯೇ ನೀರಲ್ಲಿ ಹಾಕಿಡುದು, ಬೆಳಿಗ್ಗೆ ಎರಡನ್ನೂ ಒಟ್ಟಿಗೆ ಮೆತ್ತಗೆ ಬೇಯಿಸುದು, ತೆಂಗಿನಹಾಲು, ಬೆಲ್ಲ, ಒಂದು ಚಿಟಿಕೆ ಉಪ್ಪು. ನೀರು ದೋಸೆ ಹಿಟ್ಟಿಗಿಂತ ಸ್ವಲ್ಪ ದಪ್ಪ ಇರ್ಲಿ. ನಮ್ಮ ನೆರೆಕರೆಯ ಮಲಯಾಳ ಮನೆಗಳಲ್ಲಿ ಇದೇ ತಿಂಗಳು ಕರ್ಕಟಕ ಗಂಜಿ ಅಂತ ಮಾಡ್ತಾರಲ್ಲ, ಞವರ ಅಕ್ಕಿ, ಮೆಂತೆ, ಜೀರಿಗೆ, ಅಳವಿ ಬೀಜ ಎಲ್ಲ ಹಾಕಿ, ಅದರ ಪ್ಯಾಕೆಟ್ಟು ಈಗ ಬದಿಯಡ್ಕದ ಅಂಗಡಿಯಲ್ಲಿ ಸಾ ಸಿಗ್ತದೆ. ಎರಡೂ ಒಂದೇ ಜಾತಿಯದ್ದು, ಮಳೆಗಾಲದಲ್ಲಿ ಜೀರ್ಣಶಕ್ತಿ ಕಮ್ಮಿ, ಮೈ ಜಡ, ಅದಕ್ಕೆ ಬಿಸಿಬಿಸಿ ಮೆತ್ತಗಿನ ಆಹಾರ.

ಹುರುಳಿ ಸಾರು, ಶುಂಠಿ ತಂಬುಳಿ, ತಿಮರೆ ಚಟ್ನಿ, ಪತ್ರೊಡೆ, ಇದೆಲ್ಲ ತಿನ್ಲಿ. ಪತ್ರೊಡೆಗೆ ಹುಳಿ ಬೇಕೇ ಬೇಕು, ಇಲ್ಲದಿದ್ರೆ ಗಂಟಲು ತುರಿಸಿ ಗಂಟುನೋವು ಮರ್ತು ಹೋಗ್ತದೆ. ಹುಳಿ ಬೇಡ ಹೇಳಿದ ದೊಡ್ಡಮ್ಮನಿಗೆ ಇದನ್ನು ತಿಳಿಸಿ.

ಆದ್ರೆ ರಾತ್ರಿ ಮೊಸರು ಬೇಡ ಅನ್ನುದನ್ನು ನಾನು ಒಪ್ತೇನೆ, ನನ್ನ ಅಭಿಪ್ರಾಯ ಅಷ್ಟೆ. ಮತ್ತೆ ಅರಸಿನ ಹಾಲು, ಒಳ್ಳೆಮೆಣಸಿನ ಹುಡಿ ಹಾಕಿ. ಮೆಣಸು ಇಲ್ಲದೆ ಅರಸಿನ ಮೈಗೆ ಹಿಡಿಯುದಿಲ್ಲ ಅಂತ ಬೆಂಗಳೂರಿನ ಸೈಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ 1998ರಲ್ಲಿ ತೋರಿಸಿಕೊಟ್ಟಿದ್ದಾರೆ, ಸುಳ್ಳಲ್ಲ.

ರಾತ್ರಿಪಾಳಿ

ನಾನು ಉಪ್ಪಳದವಳು, ಮಂಗಳೂರಲ್ಲಿ ನರ್ಸ್ ಕೆಲಸ. ಪೆರ್ಲದವರು ಬರ್ದದ್ದರಲ್ಲಿ ಒಂದು ಸಾಲು ಓದಿ ನಾನು ನಿಂತೆ, ಮೆಂತೆ ಮೊಸರು ಎಲ್ಲ ಮತ್ತೆ ನೋಡುವ. ಬೆಳಿಗ್ಗೆ ಎದ್ದಾಗ ಎರಡೂ ಕೈಯ ಬೆರಳಿನ ಗಂಟು ಹಿಡ್ಕೊಂಡಿರುದು, ಲೋಟ ಹಿಡಿಲಿಕ್ಕೆ ಆಗದ್ದು, ಒಂಬತ್ತು ಗಂಟೆಯ ವರೆಗೆ ಸಡಿಲ ಆಗದ್ದು. ನಿಮ್ಮ ಅಮ್ಮ ಏಳುದು ಐದೂವರೆ ಆರಕ್ಕೆ ಅಲ್ವಾ? ಹಾಗಾದ್ರೆ ಎರಡು ಮೂರು ಗಂಟೆ ಹೊತ್ತು ಬಿಗಿತ. ಇದು ಅಡಿಕೆ ಸುಲಿದು ಬಂದ ಮೊಣಗಂಟಿನ ನೋವಿನ ಲಕ್ಷಣ ಅಲ್ಲ.

ಮೊಣಗಂಟು ಸವೆಯುದು ಹಳೆ ಪಂಪಿನ ವಾಷರ್ ಸವೆದ ಹಾಗೆ, ಕೆಲಸ ಮಾಡಿದಷ್ಟು ನೋವು, ಕೂತ್ರೆ ಕಮ್ಮಿ, ಬೆಳಿಗ್ಗೆಯ ಬಿಗಿತ ಇದ್ರೂ ಅರ್ಧ ಗಂಟೆಯೊಳಗೆ ಹೋಗ್ತದೆ. ಇನ್ನೊಂದು ಜಾತಿ ಉಂಟು, ನಮ್ಮ ಮೈಯ ರೋಗನಿರೋಧಕ ಶಕ್ತಿಯೇ ಗಂಟಿನ ಒಳಪೊರೆಯ ಮೇಲೆ ತಿರುಗಿ ಬೀಳುದು, ರುಮಟಾಯ್ಡ್ ಆರ್ಥರೈಟಿಸ್ ಅಂತ. ಅದು ಸಣ್ಣ ಗಂಟುಗಳಿಗೆ, ಎರಡೂ ಬದಿಗೆ, ಬೆಳಿಗ್ಗೆ ಗಂಟೆಗಟ್ಟಲೆ ಬಿಗಿತ, ಬಾತುಕೊಳ್ಳುದು, ಸುಸ್ತು. ಹೆಂಗಸರಲ್ಲಿ ಜಾಸ್ತಿ. ನಿಮ್ಮ ಅಮ್ಮನಿಗೆ ಅದೇ ಅಂತ ನಾನು ಹೇಳ್ತಾ ಇಲ್ಲ, ಇಲ್ಲಿ ಕೂತು ಹೇಳ್ಲಿಕ್ಕೆ ಆಗುದೂ ಇಲ್ಲ, ಆದ್ರೆ ಅದು ಹೌದಾ ಅಲ್ವಾ ಅಂತ ಗೊತ್ತಾಗದೆ ಮೆಂತೆ ಗಂಜಿ ಕುಡಿಸ್ತಾ ಕೂತ್ರೆ ಗಂಟು ಒಳಗಿಂದ ಹಾಳಾಗ್ತಾ ಹೋಗ್ತದೆ, ಹಾಳಾದ ಮೇಲೆ ವಾಪಾಸು ಬರುದಿಲ್ಲ. ಸುರುವಿನ ತಿಂಗಳುಗಳಲ್ಲೇ ಮದ್ದು ಸುರು ಮಾಡಿದ್ರೆ ಬೆರಳು ಸೊಟ್ಟ ಆಗದೆ ಉಳಿತದೆ. ರುಮಟಾಲಜಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ, ಮಂಗಳೂರಲ್ಲಿ ಇದ್ದಾರೆ. ಇಎಸ್ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಇಷ್ಟು ರಕ್ತಪರೀಕ್ಷೆ ಬರೀಬಹುದು, ಮೊದಲಿನ ಎರಡು ಮೈಯಲ್ಲಿ ಉರಿಯೂತ ಉಂಟಾ ಅಂತ, ಮತ್ತಿನ ಎರಡು ರುಮಟಾಯ್ಡ್ ಹೌದಾ ಅಂತ ನೋಡ್ಲಿಕ್ಕೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದ ಕೂಡ್ಲೆ ಏನಿಲ್ಲ ಅಂತ ಮನೆಗೆ ಓಡಬೇಡಿ, ಕಾಯಿಲೆ ಇದ್ದೂ ನೆಗೆಟಿವ್ ಬರುವವರು ಇದ್ದಾರೆ. ಅದರ ಒಟ್ಟಿಗೆ ಥೈರಾಯ್ಡ್, ವಿಟಮಿನ್ ಡಿ ಸಾ ನೋಡಿಸಿ, ಅವೆರಡು ಕಮ್ಮಿ ಆದ್ರೂ ಮೈಕೈ ಎಲ್ಲ ನೋವು ಬರ್ತದೆ. ಮತ್ತೆ ಸುರುವಿಗೆ ಜ್ವರ ಬಂದು ಆಮೇಲೆ ನೋವು ಹಿಡಿದದ್ದಾ ಅಂತ ಕೇಳಿ ನೋಡಿ, ಚಿಕುನ್‌ಗುನ್ಯ ಆದ್ರೆ ಜ್ವರ ಬಿಟ್ಟು ತಿಂಗಳುಗಟ್ಟಲೆ ಕಳೆದ್ರೂ ಗಂಟು ಹಿಡಿದಿರ್ತದೆ, 2008ರ ಹೊತ್ತಿಗೆ ನಮ್ಮ ಕರಾವಳಿಯವರು ನೋಡಿದ್ದೇ ಅಲ್ವಾ ಅದು.

ಈಗ ತಿನ್ನುವ ವಿಷಯ. ನನಗೆ ಸಿಟ್ಟು ಬಂದದ್ದು ಆ ಗಂಜಿ ಉಪ್ಪಿನ ಮೇಲೆ. ವಯಸ್ಸಾದವರಿಗೆ ದಿವಸಕ್ಕೆ ತೂಕದ ಒಂದು ಕಿಲೋಗೆ ಒಂದು ಗ್ರಾಂ ಲೆಕ್ಕದಲ್ಲಾದ್ರೂ ಪ್ರೋಟೀನ್ ಬೇಕು, ಐವತ್ತು ಕಿಲೋ ಇದ್ರೆ ಐವತ್ತು ಗ್ರಾಂ. ಒಂದು ಬಟ್ಟಲು ಅನ್ನದಲ್ಲಿ ನಾಲ್ಕೈದು ಗ್ರಾಂ ಇರ್ತದೆ ಅಷ್ಟೆ. ಬೇಳೆ ಇಲ್ಲ ಹಾಲಿಲ್ಲ ಮೊಸರಿಲ್ಲ ಅಂದ್ರೆ ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ತಿನ್ತದೆ, ತೊಡೆಯ ಬಲ ಹೋಗ್ತದೆ, ತೊಡೆಯ ಬಲ ಹೋದ್ರೆ ಮೊಣಗಂಟಿನ ಮೇಲೆ ಭಾರ ಇನ್ನೂ ಜಾಸ್ತಿ. ನೋವು ಕಮ್ಮಿ ಆಗ್ಲಿ ಅಂತ ಮಾಡಿದ ಪಥ್ಯವೇ ನೋವು ಏರಿಸ್ತದೆ. ನಾಳೆಯಿಂದ್ಲೇ ತೊಗರಿ ತೊವ್ವೆ, ಹೆಸರು ಕಾಳಿನ ಪಲ್ಯ, ಎರಡು ಹೊತ್ತು ಮಜ್ಜಿಗೆ ಇಲ್ಲವೇ ಮೊಸರು, ಹಾಲು, ಹುರುಳಿ ಸಾರು, ಕಡ್ಲೆ ಎಲ್ಲ ಕೊಡಿ. ಹಾಲಿನಿಂದ ಗಂಟು ಊದುದಿಲ್ಲ. ಬದನೆ ಟೊಮೆಟೊ ಆಲೂಗಡ್ಡೆಯಿಂದ ಗಂಟುನೋವು ಏರ್ತದೆ ಅನ್ನುದಕ್ಕೆ ಸರಿಯಾದ ಆಧಾರ ಇಲ್ಲ. ತಿಂದ ಮರುದಿನ ಪ್ರತಿ ಸಲ ಅವರಿಗೆ ನೋವು ಜಾಸ್ತಿ ಆಗ್ತದೆ ಅಂತಾದ್ರೆ ಆ ಒಂದನ್ನು ಬಿಡ್ಲಿ, ಊರವರು ಹೇಳಿದ್ರು ಅಂತ ಅಲ್ಲ.

ಮಾಷ್ಟ್ರು ಹೇಳಿದ 1998ರ ಅಧ್ಯಯನ ಹೌದು. ಆದ್ರೆ ಅವರು ಕೊಟ್ಟದ್ದು ಅರಸಿನ ಹುಡಿ ಅಲ್ಲ, ಅದ್ರಿಂದ ತೆಗೆದ ಕರ್ಕ್ಯುಮಿನ್ 2 ಗ್ರಾಂ, ಒಟ್ಟಿಗೆ ಮೆಣಸಿನ ಪೈಪೆರಿನ್ 20 ಮಿಲಿಗ್ರಾಂ, ಆಗ ರಕ್ತಕ್ಕೆ ಸೇರುದು ತುಂಬ ಏರಿದ್ದು. ನಮ್ಮ ಅರಸಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ಪಾಲಿನ ಆಸುಪಾಸು. ಒಂದು ಚಮಚ ತುಂಬ ಹಾಕಿದ್ರೂ ನೂರು ಮಿಲಿಗ್ರಾಂ ಆಗುದು ಕಷ್ಟ. ಮೊಣಗಂಟು ಸವೆದವರಲ್ಲಿ ಕರ್ಕ್ಯುಮಿನ್ ಕ್ಯಾಪ್ಸೂಲಿನಿಂದ ನೋವು ಸ್ವಲ್ಪ ಇಳಿದದ್ದು ಉಂಟು, ಹಾಲಿಗೆ ಹಾಕುವ ಚಿಟಿಕೆಯಿಂದ ಅಷ್ಟು ನಿರೀಕ್ಷೆ ಮಾಡ್ಲಿಕ್ಕಾಗುದಿಲ್ಲ. ಕುಡಿಲಿ, ಬೆಚ್ಚಗೆ ಇರ್ತದೆ, ರಾತ್ರಿ ನಿದ್ರೆ ಬರ್ತದೆ, ಹಾಲು ಹೊಟ್ಟೆಗೆ ಹೋಗ್ತದೆ, ಅದೇ ದೊಡ್ಡ ಲಾಭ. ಕ್ಯಾಪ್ಸೂಲ್ ಮಾತ್ರ ಕೇಳದೆ ತಿನ್ನಬೇಡಿ, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ತೊಂದರೆ, ಲಿವರ್ ಕೆಟ್ಟ ಪ್ರಕರಣಗಳೂ ಉಂಟು. ಶುಂಠಿ ಸಾ ಅಷ್ಟೆ, ಸಣ್ಣ ಮಟ್ಟಿನ ಸಹಾಯ, ಜಾಸ್ತಿ ಆದ್ರೆ ಎದೆ ಉರಿ. ಮೆಂತೆ ಗಂಟಿಗೆ ಅಂತ ಗಟ್ಟಿ ಪುರಾವೆ ಇಲ್ಲ, ಶುಗರ್ ಇಳಿಸುದಕ್ಕೆ ಉಂಟು.

ಆ ನೋವಿನ ಮಾತ್ರೆ ಯಾವುದು ಅಂತ ನೋಡಿ ಹೇಳಿ. ಡೈಕ್ಲೊಫೆನಾಕ್ ತರದ್ದಾದ್ರೆ, ಅವರಿಗೆ ಬಿಪಿ ಇದ್ದು ಅದ್ರ ಮಾತ್ರೆ ಸಾ ತಿನ್ತಾ ಇದ್ರೆ, ಕಿಡ್ನಿಗೆ ಒಳ್ಳೆದಲ್ಲ.

ಬೂತಾಯಿ_ಗಸಿ

ಪೆರ್ಲದವರಿಗೆ ಉಪಯೋಗ ಇಲ್ಲ ಅಂತ ಗೊತ್ತುಂಟು ಆದ್ರೂ ಓದುವ ಬೇರೆಯವರಿಗೆ ಬರೀತೇನೆ, ನಮ್ಮದು ಮಂಜೇಶ್ವರ ಕಡಪ್ಪುರದ ಬದಿ.

ಊಟದಲ್ಲಿ ರುಮಟಾಯ್ಡ್‌ನವರಿಗೆ ನಿಜವಾಗಿ ಸ್ವಲ್ಪ ಪುರಾವೆ ಇರುದು ಮೀನೆಣ್ಣೆಗೆ, ಅಂದ್ರೆ ಒಮೆಗಾ 3ಗೆ. ಅದು ಸಾಲ್ಮನ್ ಅಂತ ಆಸ್ಪತ್ರೆ ಗೋಡೆಯಲ್ಲಿ ಫೋಟೋ ಹಾಕ್ತಾರೆ, ನಮಗೆ ಯಾಕೆ ಸಾಲ್ಮನ್, ಬೂತಾಯಿಯಲ್ಲೇ ಬೇಕಾದಷ್ಟು ಉಂಟು, ಬಂಗುಡೆಯಲ್ಲೂ ಉಂಟು, ಅಂಜಲ್‌ಗಿಂತ ರೇಟೂ ಕಮ್ಮಿ. ಮಳೆ ಮುಗಿದು ಕೊಬ್ಬು ಕಟ್ಟಿದ ಬೂತಾಯಿ ಕಾವಲಿಗೆ ಹಾಕಿದ್ರೆ ಎಣ್ಣೆ ಬೇರೆ ಹಾಕುದೇ ಬೇಡ, ಅದರದ್ದೇ ಬಿಟ್ಕೊಳ್ತದೆ, ಆ ಎಣ್ಣೆಯೇ ವಿಷಯ. ಆದ್ರೆ ಅಧ್ಯಯನದಲ್ಲಿ ಬೆಳಗಿನ ಬಿಗಿತ ಕಮ್ಮಿ ಆದದ್ದು ದಿವಸಕ್ಕೆ ಮೂರು ಗ್ರಾಂ ಹತ್ರದ ಒಮೆಗಾ 3 ಕ್ಯಾಪ್ಸೂಲ್ ತಿಂಗಳುಗಟ್ಟಲೆ ಕೊಟ್ಟದ್ರಲ್ಲಿ, ವಾರಕ್ಕೆರಡು ಸಲ ಗಸಿ ತಿಂದದ್ರಲ್ಲಿ ಅಲ್ಲ, ಹಾಗಾಗಿ ಜಾಸ್ತಿ ಆಸೆ ಇಡುದು ಬೇಡ. ಫ್ರೈ ಮಾಡಿ ಕರಿದು ಕರಿದು ಕಪ್ಪು ಮಾಡುದಕ್ಕಿಂತ ಪುಳಿಮುಂಚಿಯೇ ಒಳ್ಳೆದು. ಈಗ ಟ್ರಾಲಿಂಗ್ ಬಂದ್, ಕೇರಳದಲ್ಲಿ 52 ದಿವಸ, ಜುಲೈ 31ರ ವರೆಗೆ, ನಾಡದೋಣಿಯದ್ದು ಬಂದ್ರೆ ಬಂತು.

ಇನ್ನು ಆ ಯೂರಿಕ್ ಆಸಿಡ್ ಕತೆ. ಗೌಟ್, ಅಂದ್ರೆ ಯೂರಿಕ್ ಆಸಿಡ್ ಗಂಟಲ್ಲಿ ಹರಳು ಕಟ್ಟಿ ಬರುವ ನೋವು, ಇರುದು ನನಗೆ, ಹಾಗಾಗಿ ಇದ್ರಲ್ಲಿ ಮಾತಾಡುವ ಹಕ್ಕುಂಟು. ರಾತ್ರಿ ನಿದ್ರೆಯಿಂದ ಎಬ್ಬಿಸಿತು, ಕಾಲಿನ ಹೆಬ್ಬೆರಳ ಗಂಟು ಕೆಂಪು ಕೆಂಡ, ಹೊದಿಕೆ ತಾಗಿದ್ರೂ ಬೊಬ್ಬೆ. ರಕ್ತದಲ್ಲಿ ಯೂರಿಕ್ ಆಸಿಡ್ 6.8 ದಾಟಿದ್ರೆ ಹರಳು ಕಟ್ಲಿಕ್ಕೆ ಸುರುವಾಗ್ತದೆ, ಮಾತ್ರೆ ತಿನ್ನುವವರು 6ರ ಕೆಳಗೆ ಇಡ್ಬೇಕು ಅಂತ ಡಾಕ್ಟ್ರು ಹೇಳಿದ್ದು. ನನಗೆ ಕಮ್ಮಿ ಮಾಡ್ಲಿಕ್ಕೆ ಹೇಳಿದ್ದು ಬಿಯರ್, ಲಿವರ್ ಕಿಡ್ನಿ ತರದ ಮಾಂಸ, ಬೀಫ್ ಮಟನ್, ಬಾಟಲಿಯ ಸಿಹಿ ಜ್ಯೂಸ್, ಮತ್ತೆ ಎದೆ ಒಡೆದು ಹೋಗುವ ಹಾಗೆ, ಬೂತಾಯಿ. ಅದೇ ಮೀನು ಒಬ್ಬನಿಗೆ ಮದ್ದು ಇನ್ನೊಬ್ಬನಿಗೆ ಉಪದ್ರ, ನೋಡಿ ಹೇಗುಂಟು.

ಬೇಳೆ ಬಿಡ್ಬೇಕಾ ಅಂತ ನಾನು ಸಾ ಕೇಳಿದ್ದೆ. ಬೇಡ ಅಂದ್ರು. ಅಮೇರಿಕದಲ್ಲಿ 47 ಸಾವಿರ ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಉಂಟು, ಮಾಂಸ ಮತ್ತೆ ಮೀನು ಜಾಸ್ತಿ ತಿಂದವರಿಗೆ ಗೌಟ್ ಜಾಸ್ತಿ, ಬೇಳೆ ಕಾಳು ಪಾಲಕ್ ಅಣಬೆ ತಿಂದವರಿಗೆ ಏರ್ಲಿಲ್ಲ, ಹಾಲು ಮೊಸರು ಜಾಸ್ತಿ ಇದ್ದವರಿಗೆ ಇನ್ನೂ ಕಮ್ಮಿ. ಅಂದ್ರೆ ಪೆರ್ಲದ ಅಮ್ಮನಿಗೆ ಯೂರಿಕ್ ಆಸಿಡ್ ಇದ್ರೂ ಹೇಳಿದ ಪಥ್ಯ ಪೂರಾ ತಲೆಕೆಳಗೆ. ಟೆಸ್ಟ್ ಆದ್ರೂ ಮಾಡಿದ್ದಾರಾ, ಇಲ್ಲ ಸುಮ್ಮನೆ ಹೆಸರು ಚಂದ ಉಂಟು ಅಂತ ಹೇಳಿದ್ದಾ?

ಸೂಪು_ಕಟ್ಟುವವಳ_ಮಗಳು

ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದ್ದು. ಗೆರಸೆ ಮಡಿಲಲ್ಲಿ ಇಟ್ಟು ಕಾಲು ಮಡಚಿ ಕೂತ್ರೆ ಏಳುದು ಊಟಕ್ಕೆ ಮಾತ್ರ. ಕುತ್ತಿಗೆ, ಬೆರಳು, ಮೊಣಗಂಟು ಮೂರೂ ಹೋಗಿದೆ. ಅವರಿಗೆ ಇದ್ದದ್ದು ಸವೆದ ನೋವೇ, ಟೆಸ್ಟ್ ಮಾಡಿಸಿ ಗೊತ್ತಾದದ್ದು, ವಿಟಮಿನ್ ಡಿ ಸಾ ತಳದಲ್ಲಿತ್ತು. ಇಡೀ ದಿವಸ ಜಗಲಿಯ ಒಳಗೆ ಕೂತವರಿಗೆ ಬಿಸಿಲು ಎಲ್ಲಿಂದ? ಇಷ್ಟು ಬಿಸಿಲಿರುವ ಊರಲ್ಲಿ ಡಿ ಇಲ್ಲ ಅಂದ್ರೆ ನಗು ಬರ್ತದೆ, ಆದ್ರೆ ಇಲ್ಲ. ಊಟದಿಂದ ಡಿ ಬರುದು ಕಮ್ಮಿ, ಕೊಬ್ಬಿನ ಮೀನು, ಮೊಟ್ಟೆಯ ಹಳದಿ ಅಷ್ಟೆ, ಸಸ್ಯಾಹಾರಿಗಳಿಗೆ ಅದೂ ಇಲ್ಲ, ತೀರಾ ಕಮ್ಮಿ ಇದ್ರೆ ಡಾಕ್ಟ್ರು ಕೊಟ್ಟದ್ದೇ ತಿನ್ಬೇಕು. ಎಲುಬಿಗೆ ಸುಣ್ಣದ ಅಂಶ ಅಂದ್ರೆ ರಾಗಿ, ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಎಳ್ಳಲ್ಲಿ ಅದಕ್ಕಿಂತ ಜಾಸ್ತಿ, ನುಗ್ಗೆಸೊಪ್ಪಲ್ಲಿ ಸಾ ಒಳ್ಳೆ ಉಂಟು. ನಮ್ಮ ಕಡೆ ರಾಗಿ ಅಂದ್ರೆ ಮಕ್ಕಳ ಮಣ್ಣಿ ಅಂತ ಒಂದು ಭಾವನೆ, ದೊಡ್ಡವರಿಗೆ ಮಾಡಿಕೊಟ್ರೆ ಮುಖ ಹುಳಿ ಮಾಡ್ತಾರೆ. ಅಮ್ಮನಿಗೆ ರಾಗಿ ದೋಸೆಗೆ ನುಗ್ಗೆಸೊಪ್ಪು ನೀರುಳ್ಳಿ ಕೊಚ್ಚಿ ಹಾಕಿ ಕೊಟ್ಟೆ, ಅದು ಹಿಡಿಸಿತು. ಆಟಿಯಲ್ಲಿ ನುಗ್ಗೆಸೊಪ್ಪು ತಿನ್ಲಿಕ್ಕಿಲ್ಲ ಅನ್ನುವವರ ಮನೆಯಲ್ಲಿ ಬಸಳೆ, ಚಕ್ರಮುನಿ, ಹರಿವೆ ಯಾವುದಾದ್ರೂ ಹಾಕಿ, ಜಗಳ ಬೇಡ. ಇದು ಎಲುಬಿಗೆ ಆಯ್ತಾ, ತಿಂದ ಕೂಡ್ಲೆ ಗಂಟುನೋವು ಇಳಿತದೆ ಅಂತ ಅಲ್ಲ.

ಊಟಕ್ಕಿಂತ ಜಾಸ್ತಿ ಫರಕ್ ಆದದ್ದು ಎರಡು ವಿಷಯದಲ್ಲಿ. ಒಂದು ತೂಕ, ಅಮ್ಮ ಸ್ವಲ್ಪ ದಪ್ಪ ಇದ್ರು, ಮಧ್ಯಾಹ್ನದ ಅನ್ನ ಕಮ್ಮಿ ಮಾಡಿ ಪದಾರ್ಥ ಜಾಸ್ತಿ ಮಾಡಿದ್ವಿ, ಚಾಯದ ಒಟ್ಟಿಗಿನ ಬನ್ಸ್ ಕಮ್ಮಿ. ಒಂದು ಕಿಲೋ ಇಳಿದ್ರೆ ಪ್ರತಿ ಹೆಜ್ಜೆಗೆ ಮೊಣಗಂಟಿನ ಮೇಲಿನ ಭಾರ ನಾಲ್ಕು ಕಿಲೋ ಕಮ್ಮಿ ಆಗ್ತದೆ ಅಂತ ಫಿಸಿಯೋದವರು ಹೇಳಿದ ಮೇಲೆ ಅಮ್ಮನಿಗೆ ಹಟ ಬಂತು. ಇನ್ನೊಂದು, ಕುರ್ಚಿಯಲ್ಲಿ ಕೂತು ಕಾಲು ನೇರ ಎತ್ತಿ ಹಿಡಿಯುವ ವ್ಯಾಯಾಮ, ಧಾರಾವಾಹಿ ನೋಡ್ತಾ ನೋಡ್ತಾ. ಪೆರ್ಲದ ಅಮ್ಮ ಈಗಲೇ ಬಡಕಲಾಗಿದ್ದಾರೆ, ಅವರಿಗೆ ತೂಕ ಇಳಿಸುವ ಮಾತೇ ಬೇಡ.

ಒಂದು ಎಚ್ಚರಿಕೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಹುಡಿ ಮದ್ದು, ಎಲ್ಲ ನೋವಿಗೂ ಒಂದೇ, ಎರಡೇ ದಿವಸದಲ್ಲಿ ಮಂಗಮಾಯ ಅಂತ ಕೊಡುವವರು ಇದ್ದಾರಲ್ಲ, ನಮ್ಮ ಹತ್ರದ ಸಂಬಂಧಿಕರೊಬ್ರು ಅದನ್ನು ತಿಂದು ಓಡಾಡ್ಲಿಕ್ಕೆ ಸುರು ಮಾಡಿದ್ರು, ಎಲ್ಲರೂ ಆ ಹುಡಿಯನ್ನು ಹೊಗಳಿದ್ದೇ ಹೊಗಳಿದ್ದು, ಕಡೆಗೆ ಮುಖ ಊದಿ ಶುಗರ್ ಏರಿ ಆಸ್ಪತ್ರೆಗೆ ಹೋದಾಗ ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆಯೇ ಯಾವ ಹುಡಿ ತಿಂದದ್ದು ಅಂತ. ಸ್ಟಿರಾಯ್ಡ್ ಬೆರೆಸಿರ್ತಾರೆ ಇಂಥದ್ರಲ್ಲಿ. ಲೇಬಲ್ ಇಲ್ಲದ್ದು ಬೇಡವೇ ಬೇಡ. ಬೇಡದ ಪಟ್ಟಿ ಬೇಡ ಹೇಳಿದ್ರಿ, ಆದ್ರೂ ಇದೊಂದು ಇರ್ಲಿ.

ಮುಳ್ಳೇರಿಯ_ಮಾಷ್ಟ್ರು

ಸಿಸ್ಟರ್ ಹೇಳಿದ್ದು ಸರಿ, ಮೊದಲು ಪರೀಕ್ಷೆ ಆಗ್ಲಿ, ನನ್ನ ತಕರಾರಿಲ್ಲ. ಆದ್ರೆ ಮೆಂತೆಗೆ ಪುರಾವೆ ಇಲ್ಲ, ಅರಸಿನಕ್ಕೆ ಅಷ್ಟು ಇಲ್ಲ, ಶುಂಠಿಗೆ ಸಣ್ಣದು ಅಂತ ಹೇಳ್ತಾ ಹೋದ್ರೆ ಹಳ್ಳಿಯ ಮನೆಯಲ್ಲಿ ಉಳಿಯುದೆಂತ? ತಲೆಮಾರಿನಿಂದ ತಿಂದವರಿಗೆ ಸುಖ ಸಿಕ್ಕಿದೆ. ಕೊಟ್ಟಂಚುಕ್ಕಾದಿ ತೈಲ ಹಚ್ಚಿ ಬಿಸಿನೀರು ಮಿಂದು ಬಂದು ಬಿಸಿ ಗಂಜಿ ಕುಡಿದ್ರೆ ಆಗುವ ಹಾಯಿಯನ್ನು ಯಾವ ರಕ್ತಪರೀಕ್ಷೆ ಅಳಿತದೆ?

ರಾತ್ರಿಪಾಳಿ

ಮಾಷ್ಟ್ರೆ ಆ ಹಾಯಿ ನನಗೂ ಬೇಕು, ಡ್ಯೂಟಿ ಮುಗಿಸಿ ಬಂದು ಅಮ್ಮನ ಹತ್ರ ಎಣ್ಣೆ ಹಚ್ಚಿಸಿಕೊಳ್ಳುದು ನಾನು ಸಾ. ಬಿಸಿ ಶಾಖದಿಂದ ನೋವು ಇಳಿಯುದು ಸುಳ್ಳಲ್ಲ. ನಾನು ನೋಡುದು ಆಸ್ಪತ್ರೆಗೆ ತಡ ಆಗಿ ಬಂದವರನ್ನು, ಬೆರಳು ಒಂದು ಬದಿಗೆ ವಾಲಿದ ಮೇಲೆ ಬಂದವರನ್ನು. ಅವರೆಲ್ಲ ಮನೆಯಲ್ಲಿ ಏನೂ ಮಾಡದೆ ಕೂತವರಲ್ಲ, ಸಾವಿರ ಪಥ್ಯ ಮಾಡಿ ಬಂದವರು. ಕಷಾಯ ಮದ್ದು ಬೇಕಾದ್ರೆ ಓದಿದ ಆಯುರ್ವೇದ ಡಾಕ್ಟ್ರ ಹತ್ರವೇ ಹೋಗ್ಲಿ, ಎರಡೂ ಕಡೆಯವರಿಗೆ ಎರಡೂ ಮದ್ದು ಹೇಳಿ ತಿನ್ಲಿ. ಮೆಥೊಟ್ರೆಕ್ಸೇಟ್ ಅಂತ ಒಂದು ಮಾತ್ರೆ ಬರೀತಾರೆ ರುಮಟಾಯ್ಡ್‌ಗೆ, ಅದು ವಾರಕ್ಕೆ ಒಂದೇ ದಿವಸ, ಪ್ರತಿದಿವಸ ತಿಂದ್ರೆ ಅಪಾಯ, ಅದ್ರ ಮೇಲೆ ಲಿವರ್ ರಕ್ತಪರೀಕ್ಷೆ ಆಗಾಗ ಮಾಡಿಸ್ಬೇಕು. ಆ ಹೊತ್ತಿಗೆ ಗೊತ್ತಿಲ್ಲದ ಕಷಾಯ ಒಟ್ಟಿಗೆ ಹೋದ್ರೆ ಲಿವರ್ ಕೆಟ್ಟದ್ದು ಯಾವುದ್ರಿಂದ ಅಂತ ಹೇಳುದು ಹೇಗೆ?

ಗಂಜಿಗೆ ನನ್ನ ಪೂರ್ತಿ ಓಟು. ಬರೀ ಗಂಜಿಗೆ ಅಲ್ಲ.

ಕುಂಬ್ಳೆ_ಲೋಕಲ್

ಸಸ್ಯಾಹಾರದಲ್ಲಿ ಒಮೆಗಾ 3 ಅಗಸೆ ಬೀಜದಲ್ಲಿ ಉಂಟಲ್ಲ? ನನ್ನ ತಂಗಿ ಹುರಿದು ಹುಡಿ ಮಾಡಿ ಚಟ್ನಿಪುಡಿ ಹಾಗೆ ಮಾಡ್ತಾಳೆ, ಅನ್ನಕ್ಕೆ ಒಳ್ಳೆದಾಗ್ತದೆ.

ರಾತ್ರಿಪಾಳಿ

ಉಂಟು, ಅಕ್ರೋಟಲ್ಲೂ ಉಂಟು, ಆದ್ರೆ ಮೀನಿನದ್ದು ಬೇರೆ ತರ. ಅಗಸೆಯದ್ದನ್ನು ನಮ್ಮ ಮೈ ಆ ರೂಪಕ್ಕೆ ಬದಲಾಯಿಸುದು ತೀರಾ ಸ್ವಲ್ಪ. ತಿಂದ್ರೆ ನಷ್ಟ ಇಲ್ಲ, ಹೊಟ್ಟೆ ಸಲೀಸು. ಹುಡಿ ಮಾಡಿಯೇ ತಿನ್ನಿ, ಇಡೀ ಬೀಜ ಹಾಗೇ ಹೊರಗೆ ಹೋಗ್ತದೆ.

ಪೆರ್ಲದ_ತೋಟದವ

ಎಲ್ಲರಿಗೂ ಉಪಕಾರ ಆಯ್ತು, ತಡ ಆಯ್ತು ಬರೀಲಿಕ್ಕೆ. ಮಂಗಳೂರಿಗೆ ಹೋಗಿ ಬಂದೆವು. ಡಾಕ್ಟ್ರು ರಿಪೋರ್ಟಿಗಿಂತ ಮೊದಲು ಬೆರಳಿನ ಒಂದೊಂದೇ ಗಂಟನ್ನು ಒತ್ತಿ ನೋಡಿದ್ರು, ಅಮ್ಮ ಎರಡು ಸಲ ಕೈ ಎಳ್ಕೊಂಡ್ರು. ಮೊಣಗಂಟು ಸವೆದದ್ದೇ, ಎಕ್ಸ್‌ರೇಯಲ್ಲಿ ಕಾಣ್ತದೆ, ಬೆರಳಿನದ್ದು ಬೇರೆ ಅಂತ ಹೇಳಿದ್ರು, ಎರಡೂ ಒಟ್ಟಿಗೆ ಇರ್ಲಿಕ್ಕೆ ಸಾಧ್ಯ ಅಂತ ನಮಗೆ ಹೊಳೆದಿರ್ಲಿಲ್ಲ. ಇಎಸ್ಆರ್ ಜಾಸ್ತಿ ಉಂಟು, ಆರ್‌ಎ ಫ್ಯಾಕ್ಟರ್ ನೆಗೆಟಿವ್, ಆಂಟಿ ಸಿಸಿಪಿ ಇನ್ನೂ ಬರ್ಬೇಕು. ಯೂರಿಕ್ ಆಸಿಡ್ ಸರಿ ಇತ್ತು, ಬೇಳೆ ಇಷ್ಟು ಸಮಯ ಸುಮ್ಮನೆ ಬಿಟ್ಟದ್ದು. ಮೆಡಿಕಲ್‌ನ ಮಾತ್ರೆ ಸಿಸ್ಟರ್ ಹೇಳಿದ ಜಾತಿಯದ್ದೇ, ಅದನ್ನು ನಿಲ್ಲಿಸಿ ಬೇರೆ ಕೊಟ್ಟಿದ್ದಾರೆ. ಪಥ್ಯ ಎಂತ ಅಂತ ಅಮ್ಮನೇ ಕೇಳಿದ್ರು, ಹೊಟ್ಟೆ ತುಂಬ ತಿನ್ನಿ ಅಂತ ಹೇಳಿ ಡಾಕ್ಟ್ರು ಮುಂದಿನವರನ್ನು ಕರೆದ್ರು. ಅಮ್ಮನಿಗೆ ಅದು ಸಮಾಧಾನ ಆಗ್ಲಿಲ್ಲ, ಪಥ್ಯ ಹೇಳದ ಡಾಕ್ಟ್ರು ಎಂಥ ಡಾಕ್ಟ್ರು ಅಂತ ಬಸ್ಸಲ್ಲಿ ತಲಪಾಡಿ ಕಳಿಯುವ ವರೆಗೆ ಹೇಳಿದ್ದೇ ಹೇಳಿದ್ದು.

ಈಗ ತೊವ್ವೆ, ಮಜ್ಜಿಗೆ, ಹೆಸರು ಕಾಳು ಸುರು ಮಾಡಿದ್ದಾರೆ. ಹಾಲು ಇನ್ನೂ ಸಂಶಯದಲ್ಲೇ ಕುಡಿಯುದು, ಅರಸಿನ ಹಾಕಿದ್ರೆ ಮಾತ್ರ. ಹಾಗಾಗಿ ಹಾಕ್ತಾ ಇದ್ದೇನೆ. ರಾಗಿ ದೋಸೆ ಒಂದು ತಿಂದು ಇನ್ನೊಂದು ನನ್ನ ಬಟ್ಟಲಿಗೆ ಹಾಕಿದ್ರು.

ಇನ್ನೊಂದು ಪ್ರಶ್ನೆ. ಮಾಷ್ಟ್ರು ಹೇಳಿದ ಮೆಂತೆ ಗಂಜಿ ಆಟಿ ಅಮಾವಾಸ್ಯೆಗೆ ಹೇಗೂ ಮಾಡ್ತೇವೆ, ಅಪ್ಪನಿಗೆ ಶುಗರ್ ಉಂಟು, ಮಾತ್ರೆ ತಿನ್ತಾರೆ, ಅವರಿಗೆ ಕೊಡಬಹುದಾ? ಮೆಂತೆ ಶುಗರ್ ಇಳಿಸ್ತದೆ ಅಂತ ಸಿಸ್ಟರ್ ಬರ್ದಿದ್ದಾರಲ್ಲ, ಅಪ್ಪ ಅದನ್ನು ಓದಿ ಎರಡು ಲೋಟ ಬೇಕು ಅಂತ ಕೂತಿದ್ದಾರೆ.

ರಾತ್ರಿಪಾಳಿ

ಅಪ್ಪನಿಗೆ ಹೇಳಿ, ಮೆಂತೆ ಇಳಿಸುವಷ್ಟನ್ನು ಬೆಲ್ಲ ಮತ್ತೆ ಬೆಳ್ತಿಗೆ ಅಕ್ಕಿ ಎರಡೂ ಸೇರಿ ಏರಿಸ್ತದೆ. ಸಣ್ಣ ಲೋಟ ಒಂದು, ಅವರ ಪಾಲಿಗೆ ಬೆಲ್ಲ ಹಾಕುವ ಮೊದಲೇ ತೆಗೆದಿಡಿ, ಅದನ್ನೇ ಬೆಳಗಿನ ತಿಂಡಿ ಅಂತ ಲೆಕ್ಕ ಮಾಡಿ, ಅದ್ರ ಮೇಲೆ ದೋಸೆ ಬೇಡ. ದಿವಸಾ ಮೆಂತೆ ನೀರು ಕುಡಿಯುವ ಅಭ್ಯಾಸ ಸುರು ಮಾಡುದಾದ್ರೆ ಡಾಕ್ಟ್ರಿಗೆ ಹೇಳಿಯೇ ಮಾಡ್ಲಿ, ಮಾತ್ರೆಯೊಟ್ಟಿಗೆ ಶುಗರ್ ತೀರಾ ಇಳಿದು ತಲೆ ತಿರುಗ್ಲೂಬಹುದು. ಒಂದು ಅಮಾವಾಸ್ಯೆಗೆ ಏನೂ ಆಗುದಿಲ್ಲ.

ಆಂಟಿ ಸಿಸಿಪಿ ಬಂದ ಕೂಡ್ಲೆ ಇಲ್ಲಿ ಹಾಕಿ.

ಮುಳ್ಳೇರಿಯ_ಮಾಷ್ಟ್ರು

ಬೆಲ್ಲ ಹಾಕದ ಮೆಂತೆ ಗಂಜಿಗೆ ಉಪ್ಪು ಸ್ವಲ್ಪ ಜಾಸ್ತಿ, ಒಂದು ಚೂರು ಶುಂಠಿ, ಜೀರಿಗೆ ಅರೆದು ಹಾಕಿ, ಬಾಯಿಗೆ ಬರ್ತದೆ. ಅಪ್ಪನಿಗೆ ಬಿಪಿ ಇದ್ರೆ ಉಪ್ಪಿನ ಮಾತು ಮಾತ್ರ ಸಿಸ್ಟರ್ ಹತ್ರವೇ ಕೇಳಿ.